ಮೊದಲ ಜ್ವರ ಬಂದ ದಿನ ಯಾವುದು?

ಮಾನ್ಯರೇ, ಮಂಗನ ಕಾಯಿಲೆ ಎಂದರೇನು ಎಂಬುದನ್ನು ಸಾಗರದ ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ, ಉಣುಗು ಕಚ್ಚಿ ಹರಡುವ ಈ ವೈರಾಣು ರೋಗಕ್ಕೆ ಊರವರು ಇಟ್ಟ ಹೆಸರಿನಲ್ಲಿಯೇ ಮಂಗನ ಸಾವಿಗೂ ಮನುಷ್ಯರ ಜ್ವರಕ್ಕೂ ಇರುವ ನಂಟು ಸೇರಿಕೊಂಡಿದೆ. ಆದ್ದರಿಂದ ಪತ್ತೆಯ ಕೆಲಸ ಪ್ರಯೋಗಾಲಯದಲ್ಲಿ ಶುರುವಾಗುವುದಿಲ್ಲ, ನಿಮ್ಮ ಅಂಗಳದಲ್ಲಿ ಶುರುವಾಗುತ್ತದೆ ಎಂಬುದೇ ನನ್ನ ಇಂದಿನ ಮಾತು.

ಒಂದು ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ. ಕೆಲವು ವರ್ಷಗಳ ಹಿಂದೆ, ಫೆಬ್ರುವರಿಯಲ್ಲಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ನಮ್ಮ ಪ್ರಯೋಗಾಲಯಕ್ಕೆ ಬಂದ ರಕ್ತದ ಟ್ಯೂಬುಗಳ ಪೈಕಿ ಒಂದರ ಚೀಟಿಯ ಶಾಯಿ ಐಸಿನ ನೀರಿಗೆ ಹರಡಿಕೊಂಡಿದ್ದರೂ ‘ಜ್ವರ, 2 ದಿನ’ ಎಂಬುದನ್ನು ಓದಬಹುದಾಗಿತ್ತು. ಕೊಟ್ಟಿಗೆಗೆ ಹಾಸಲು ಕಾಡಿನ ಒಣಗಿದ ಎಲೆ, ಅಂದರೆ ದರಗು, ಗುಡಿಸಿ ತರುತ್ತಿದ್ದ ಹೆಂಗಸೊಬ್ಬರ ರಕ್ತ ಅದು. ಆರ್‌ಟಿ-ಪಿಸಿಆರ್ ಎಂಬ, ರಕ್ತದಲ್ಲಿ ವೈರಾಣುವನ್ನೇ ನೇರವಾಗಿ ಹುಡುಕುವ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ವರದಿಗೆ ಸಹಿ ಬೀಳುವ ಹೊತ್ತಿಗೆ ಆ ಊರಿನ ಆಶಾ ಕಾರ್ಯಕರ್ತೆ ಫೋನು ಮಾಡಿ, “ಸಾರ್, ಇದು ಎರಡನೇ ಸಲದ ಜ್ವರ. ಮೊದಲು ಬಂದು ಬಿಟ್ಟು ಹದಿನೈದು ದಿನದ ಮೇಲಾಯ್ತು, ಈಗ ತಲೆ ಎತ್ತೋಕೂ ಆಗ್ತಿಲ್ಲ ಅವರಿಗೆ” ಎಂದರು. ಉಳಿದಿದ್ದ ಸೀರಮ್‌ನಲ್ಲಿಯೇ ವೈರಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆ ನಡೆಸಿದೆವು, ಪಾಸಿಟಿವ್ ಬಂತು. ಕಾಯಿಲೆಯನ್ನು ಹಿಡಿದದ್ದು ನಮ್ಮ ಯಂತ್ರವಲ್ಲ, ಆ ಆಶಾ ಕಾರ್ಯಕರ್ತೆಯ ನೆನಪು.

ಕಾರಣ ಇಷ್ಟೇ. ಉಣುಗು ಕಚ್ಚಿ ಸುಮಾರು ಮೂರರಿಂದ ಎಂಟು ದಿನಗಳಲ್ಲಿ ಜ್ವರ ಏರುತ್ತದೆ. ಮೊದಲ ದಿನಗಳಲ್ಲಿ ವೈರಾಣು ರಕ್ತದಲ್ಲಿಯೇ ಓಡಾಡುತ್ತಿರುವುದರಿಂದ ಪಿಸಿಆರ್‌ಗೆ ಸಿಗುತ್ತದೆ. ದೇಹ ಪ್ರತಿಕಾಯಗಳನ್ನು ತಯಾರಿಸಿ ಅದನ್ನು ರಕ್ತದಿಂದ ಹೊರಗಟ್ಟುತ್ತಾ ಬಂದಂತೆ ಪಿಸಿಆರ್ ಬರಿಗೈಯಾಗಿ, ಐಜಿಎಂ ಮಾತನಾಡತೊಡಗುತ್ತದೆ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರದ ಬಳಿಕ ಮತ್ತೆ ಮರಳಿ, ವಿಪರೀತ ತಲೆನೋವು, ನಡುಕ, ಮಂಕು ಕಾಣಿಸಿಕೊಳ್ಳುವುದುಂಟು. ಈ ಎರಡನೆಯ ಸುತ್ತಿನ ಜ್ವರವನ್ನು ಮೊದಲನೆಯದೆಂದು ಬರೆದುಕೊಟ್ಟರೆ ನಾವು ತಪ್ಪು ಬಾಗಿಲು ತಟ್ಟುತ್ತೇವೆ. ದಿನಾಂಕವಿಲ್ಲದ ‘ನೆಗೆಟಿವ್’ ಎಂಬ ಉತ್ತರವನ್ನು ದಯವಿಟ್ಟು ನಂಬಬೇಡಿ. ಅದನ್ನು ನಾನೇ ಸಹಿ ಮಾಡಿ ಕಳುಹಿಸಿದ್ದರೂ ನಂಬಬೇಡಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಲಸಿಕೆಯ ವಿಚಾರವನ್ನು ಚುಟುಕಾಗಿ ಮುಗಿಸುತ್ತೇನೆ. 1990ರಿಂದ ಕೊಡುತ್ತಿದ್ದ ಹಳೆಯ ಲಸಿಕೆಯ ಎರಡು ಡೋಸ್‌ಗಳು ಶೇ. 62ರಷ್ಟು, ಬೂಸ್ಟರ್ ಸೇರಿದರೆ ಶೇ. 83ರಷ್ಟು ರಕ್ಷಣೆ ಕೊಟ್ಟವೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು. ರೋಗನಿರೋಧಕ ಶಕ್ತಿ ಬೇಗ ಕುಂದುತ್ತಿದ್ದುದರಿಂದ ಮತ್ತೆ ಮತ್ತೆ ಚುಚ್ಚಬೇಕಾಗಿತ್ತು. ಈಗ ಆ ಲಸಿಕೆ ಕೊಡುವುದೂ ನಿಂತಿದೆ. ಹಾಗಿರುವಾಗ ಬೇಗ ಪತ್ತೆ ಮಾಡುವುದರ ಬೆಲೆ ಇನ್ನೂ ಹೆಚ್ಚು.

ಸತ್ತ ಮಂಗವನ್ನು ಕಂಡರೆ ಮುಟ್ಟದೆ ಸುದ್ದಿ ಮುಟ್ಟಿಸಿ. ರಕ್ತ ಕಳುಹಿಸುವಾಗ ಚೀಟಿಯಲ್ಲಿ ‘ಮೊದಲ ಜ್ವರ’ ಎಂದು ಬರೆದು, ಮನೆಯವರನ್ನು ಕೇಳಿಯೇ ದಿನಾಂಕ ಹಾಕಿ, ಮತ್ತು ದಯಮಾಡಿ ಶಾಯಿ ಬೇಡ, ಪೆನ್ಸಿಲ್ಲಿನಲ್ಲಿ ಬರೆಯಿರಿ.