ಸಾರು ಉಪ್ಪಾಗಿತ್ತು

ಕೇಳುಗರಿಗೆ ನಮಸ್ಕಾರ.

ಜಗಳವಿಲ್ಲ, ಬೈಗುಳವಿಲ್ಲ. ಬೆಳಗ್ಗೆ ನಾಲ್ಕಕ್ಕೇ ಎದ್ದು ಎಲ್ಲರೂ ನಗುನಗುತ್ತಾ ಕೆಲಸ ಮಾಡುತ್ತಾರೆ. ಇಂಥ ಜಾಗಕ್ಕೆ ಮಗಳನ್ನು ಕಳಿಸಲು ಯಾರಿಗೆ ಖುಷಿಯಾಗಲ್ಲ ಹೇಳಿ? ನಮ್ಮ ಪರಿಚಯದ ಮನೆಯವರೂ ಕಳಿಸಿದರು. ಅವರದ್ದು ಹೊಸನಗರದ ಕಡೆಯ ಒಂಟಿಮನೆ. ಹುಡುಗಿಗೆ 16 ವರ್ಷ, ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿದಿತ್ತು. ವ್ಯಕ್ತಿತ್ವ ಬೆಳೆಸುವ ಶಿಬಿರ ಅಂತ ಹೇಳಿದ್ದರು.

ಹೋದ ದಿನವೇ ಫೋನ್ ಇಸಿದುಕೊಂಡರು. ಮನೆ ನೆನಪಾದರೆ ಅದು ಮೋಹ. ಪ್ರಶ್ನೆ ಕೇಳಿದರೆ ಅಹಂಕಾರ. ರಾತ್ರಿ ಎಲ್ಲರೆದುರು ನಿಂತು, ಆ ದಿನ ಮನಸ್ಸಿಗೆ ಬಂದ ಕೆಟ್ಟ ಯೋಚನೆ ಹೇಳಬೇಕು. ಏನೂ ಬಂದಿಲ್ಲ ಅಂದರೆ ಬಿಡಲ್ಲ. ಪಾಪ, ಮಕ್ಕಳು ಇಲ್ಲದ ತಪ್ಪನ್ನೂ ಹುಡುಕಿ ಒಪ್ಪಿಸತೊಡಗಿದರು. ಯಾರೂ ಯಾರಿಗೂ ಹೊಡೆಯಲಿಲ್ಲ, ಗಮನಿಸಿ. ನಿದ್ದೆ ಕಡಿಮೆ, ಮನೆಯವರ ಮಾತಿಲ್ಲ, ಅನುಮಾನ ಪಟ್ಟರೆ ಪಾಪ. ಹದಿಹರೆಯದ ಮನಸ್ಸನ್ನು ಹಿಡಿಯಲು ಇಷ್ಟು ಸಾಕು. ಚೀನಾದ ಸೆರೆಮನೆಗಳಿಂದ ಬಿಡುಗಡೆಯಾದವರನ್ನು ಮಾತಾಡಿಸಿದ ಅಮೆರಿಕದ ಮನೋವೈದ್ಯ ರಾಬರ್ಟ್ ಲಿಫ್ಟನ್, ಮನಸ್ಸು ತಿದ್ದುವ ಜಾಗಗಳ ಲಕ್ಷಣಗಳನ್ನು 1961ರಲ್ಲೇ ಬರೆದಿಟ್ಟರು. ಈ ತಪ್ಪೊಪ್ಪಿಗೆ ಅದರಲ್ಲೊಂದು.

ಆದರೆ ಆ ಹುಡುಗಿ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಪೆನ್ಸಿಲಿನಿಂದ ದಿನಾ ಒಂದೆರಡು ಸಾಲು ಬರೆಯುತ್ತಿದ್ದಳು. ಆ ಪುಟ ನಾನು ನೋಡಿದ್ದೇನೆ. "ಇವತ್ತು ಸಾರು ಉಪ್ಪಾಗಿತ್ತು. ಎಲ್ಲರೂ ಚೆನ್ನಾಗಿದೆ ಅಂದರು. ನಾನೂ ಅಂದೆ. ಆದರೆ ಉಪ್ಪಾಗಿತ್ತು." ಇನ್ನೊಂದು ದಿನ, "ಪಕ್ಕದ ಹಾಸಿಗೆಯವಳು ರಾತ್ರಿಯೆಲ್ಲ ಅತ್ತಳು. ಬೆಳಗ್ಗೆ ಕೇಳಿದರೆ ಸಂತೋಷಕ್ಕೆ ಅತ್ತೆ ಅಂದಳು." ಬಾಯಲ್ಲಿ ಹೂಂ ಅಂದರೂ, ನಾಲಿಗೆಗೆ ಗೊತ್ತಾಗಿದ್ದನ್ನು, ಕಿವಿಗೆ ಕೇಳಿಸಿದ್ದನ್ನು ಅವಳು ಬಿಟ್ಟುಕೊಡಲಿಲ್ಲ. ಇದು ಸಣ್ಣ ಧೈರ್ಯ ಅಲ್ಲ.

ಯಾಕೆ ಅಂತೀರಾ? ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು 1951ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಒಂದು ಗೆರೆ ತೋರಿಸಿ, ಅಷ್ಟೇ ಉದ್ದದ್ದು ಈ ಮೂರರಲ್ಲಿ ಯಾವುದು ಅಂತ ಕಾಲೇಜು ಹುಡುಗರನ್ನು ಕೇಳುವುದು. ನೋಡಿದ ತಕ್ಷಣ ಗೊತ್ತಾಗುತ್ತದೆ. ಆದರೆ ಒಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ತಪ್ಪು ಗೆರೆಯನ್ನೇ ತೋರಿಸಿ ಅಂತ ಮೊದಲೇ ಹೇಳಿಕೊಟ್ಟಿತ್ತು. ಏನೂ ಗೊತ್ತಿಲ್ಲದೆ ಬಂದು ಕೂತವರಲ್ಲಿ ನಾಲ್ವರಿಗೆ ಮೂವರು ಒಂದು ಸಲವಾದರೂ ಗುಂಪಿನ ಮಾತಿಗೇ ಸೇರಿಕೊಂಡರು. ಕಣ್ಣೆದುರಿಗಿನ ಗೆರೆಗೇ ಹೀಗೆ! ಆದರೆ ಗುಂಪಿನಲ್ಲಿ ಇನ್ನೊಬ್ಬ ಸರಿಯಾದ ಗೆರೆ ತೋರಿಸಿದಾಗ ಅಂಥ ತಪ್ಪು ಕಾಲುಭಾಗಕ್ಕೆ ಇಳಿಯಿತು.

ಅದೇ 1951ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಭತ್ತ ಅಳೆಯುವ ಕೊಳಗದ ವಿಚಾರಕ್ಕೇ ಎದ್ದು ನಿಂತರಲ್ವಾ? ಒಡೆಯರ ಕೊಳಗ ದೊಡ್ಡದು ಅಂತ ಕಣ್ಣಿಗೆ ಕಾಣುತ್ತಲೇ ಇತ್ತು. ಅದನ್ನು ಬಾಯಿಬಿಟ್ಟು ಹೇಳಲು ಪಕ್ಕದಲ್ಲಿ ಜನ ಬೇಕಿತ್ತು.

ಈ ಹುಡುಗಿಗೂ ಜನ ಸಿಕ್ಕರು. ಒಂದು ರಾತ್ರಿ ಆ ಪುಟವನ್ನು ಪಕ್ಕದ ಹಾಸಿಗೆಯವಳಿಗೆ ತೋರಿಸಿದಳು. ಅವಳು ಓದಿ, ಕೆಳಗೆ "ಹೌದು, ಉಪ್ಪಾಗಿತ್ತು" ಅಂತ ಬರೆದಳು. ಮಾರನೇ ದಿನ ಇಬ್ಬರೂ ಒಟ್ಟಿಗೆ ಹೋಗಿ ಮನೆಗೆ ಫೋನ್ ಮಾಡಬೇಕು ಅಂದರು. ಒಬ್ಬಳೇ ಕೇಳಿದ್ದರೆ ಅಹಂಕಾರ ಅಂತ ಗದರಿ ಕೂರಿಸುತ್ತಿದ್ದರು. ಇಬ್ಬರನ್ನು ಕೂರಿಸಲಾಗಲಿಲ್ಲ. ಅಪ್ಪ ಬಸ್ಸು ಹತ್ತಿ ಬಂದು ಕರೆದುಕೊಂಡು ಹೋದರು.

ನಮ್ಮ ಮಲೆನಾಡಿನಲ್ಲಿ ಮನೆಗಳು ದೂರ ದೂರ. ಓದಿಗೆ ಅಂತ ಮಕ್ಕಳು ಬೇಗ ಮನೆ ಬಿಡುತ್ತಾರೆ. ಎಲ್ಲಿಗೇ ಕಳಿಸಿ, ಕಳಿಸುವ ಮೊದಲು ಕೇಳಿ: ಮಗು ಒಬ್ಬಳೇ ಕೂತು ನಮ್ಮ ಜೊತೆ ಫೋನಿನಲ್ಲಿ ಮಾತಾಡಬಹುದಾ? ಬೇಡ ಅನಿಸಿದ ದಿನ ಹೊರಟು ಬರಬಹುದಾ? ಉತ್ತರ ತಡವರಿಸಿದರೆ ಕಳಿಸಬೇಡಿ. ಮಕ್ಕಳೇ, ನಿಮಗೆ 18 ತುಂಬಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ದುಡ್ಡು ಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಈ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ: ಒಂದು, ಸೊನ್ನೆ, ಒಂಬತ್ತು, ಎಂಟು.

ನಮಸ್ಕಾರ.