ಒಲೆ ಇದ್ದ ಗಿರಾಕಿ, ಒಲೆ ಇಲ್ಲದ ಗಿರಾಕಿ

(2025ರ ಅಕ್ಟೋಬರ್ 7, ವಿಶ್ವ ಹತ್ತಿ ದಿನದಂದು ಯಾದಗಿರಿಯಲ್ಲಿ ಆಡಿದ ಮಾತು)

ಹಿರಿಯರೇ, ಹತ್ತಿ ಬೆಳೆಯುವ ಅಣ್ಣ-ತಮ್ಮಂದಿರೇ, ಹತ್ತಿ ಬಿಡಿಸುವ ಅಕ್ಕ-ತಂಗಿಯರೇ. ಬಿಡಿಸುವವರು ಯಾರೂ ಸಭೆಗೆ ಬಂದಿಲ್ಲ, ಹೊಲದಲ್ಲಿದ್ದಾರೆ. ಆದರೂ ಅವರ ಹೆಸರು ತೆಗೆಯದೆ ಶುರು ಮಾಡಬಾರದು.

ಚೀನಾ ಮತ್ತು ಬಾಂಗ್ಲಾದೇಶದ ಹತ್ತಿ ಆಮದಿನ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ನಮ್ಮ ಕಾಕಾನಿಂದ ಶುರು ಮಾಡ್ತೀನಿ, ಸಿಟ್ಟಾಗಬೇಡ್ರಿ.

2011ರ ಮಾರ್ಚ್. ನ್ಯೂಯಾರ್ಕ್ ಪೇಟೆಯಲ್ಲಿ ಹತ್ತಿ ಪೌಂಡಿಗೆ 2 ಡಾಲರ್ ದಾಟಿತ್ತು. ಶಹಾಪುರದ ಅಡತಿಯಲ್ಲೂ ಯಾರೂ ಕಾಣದ ರೇಟು. ಕಾಕಾ ಮಾರಲಿಲ್ಲ. "ಚೀನಾದವ್ರು ತಗೊಳ್ಲತ್ತಾರ, ಇನ್ನೂ ಏರ್ತದ" ಅಂದ. ಪಡಸಾಲೆಯ ಹತ್ತಿ ಜಂತಿ ಮುಟ್ಟಿತು. ಹುಡುಗರು ಅದರ ಮೇಲೇ ಮಲಗೋದು, ಬೆಳಗಾದರೆ ಮೈ ತುರಿಸಿಕೊಳ್ಳೋದು. ಕಿಡಿ ಬಿದ್ದೀತು ಅಂತ ಮನೆಯಲ್ಲಿ ಬೀಡಿ ಬಂದ್. ಬಂದ್ ಮಾಡಿದವನು ಕಾಕಾ, ದಿನಕ್ಕೆ ಎರಡು ಕಟ್ಟು ಸೇದುವವನೂ ಅವನೇ! ನಾಲ್ಕು ತಿಂಗಳು ಪಕ್ಕದ ಮನೆಯ ಕಟ್ಟೆ ಮೇಲೆ ಕೂತು ಸೇದಿದ, ಅಲ್ಲಿಂದಲೇ ತನ್ನ ಬಾಗಿಲು ಕಾದ. ಕಾಕು ದಿನಾ ಕೇಳೋಳು: "ನಿಮ್ಮ ಚೀನಾದವ್ರು ಯಾವಾಗ ಬರ್ತಾರ್ರಿ? ನನಗ ರೊಟ್ಟಿ ಬಡೀಲಾಕ ಜಾಗ ಉಳಿದಿಲ್ಲ."

ಮಳೆ ಹಿಡಿಯೋ ಹೊತ್ತಿಗೆ ರೇಟು ಹೆಚ್ಚುಕಮ್ಮಿ ಅರ್ಧಕ್ಕೆ ಬಂತು. ಅಷ್ಟು ದುಬಾರಿ ಹತ್ತಿ ತಾಳದೆ ಗಿರಣಿಗಳು ಪಾಲಿಯೆಸ್ಟರ್ ಕಡೆ ವಾಲಿದ್ದವು. ಕಾಕಾ ಬಾಯಿ ಮುಚ್ಚಿಕೊಂಡು ಮಾರಿದ.

ಇನ್ನು ಮಜಾ ಕೇಳ್ರಿ. ಚೀನಾದವರು ಆಮೇಲೆ ನಿಜವಾಗಿಯೂ ಬಂದರು. 2011-12ರ ಹಂಗಾಮಿನಲ್ಲಿ 53 ಲಕ್ಷ ಟನ್ ಹತ್ತಿ ತರಿಸಿಕೊಂಡರು. (ಟನ್ನಿನಲ್ಲೇ ಹೇಳ್ತೀನಿ. ನಮ್ಮ ಬೇಲ್, ಅಂದರೆ ಒತ್ತಿ ಕಟ್ಟಿದ ಹತ್ತಿ ಗಂಟು, 170 ಕಿಲೋ, ಅಮೆರಿಕದ ಲೆಕ್ಕದ ಬೇಲ್ ಸುಮಾರು 218. ಎರಡನ್ನೂ ಕಲಸಿ ನಾನೇ ಒಮ್ಮೆ ವೇದಿಕೆ ಮೇಲೆ ಮಾನ ಕಳಕೊಂಡಿದ್ದೀನಿ.)

ಯಾಕೆ ತರಿಸಿದರು? ಅವರೇನು ಹತ್ತಿ ಇಲ್ಲದವರಲ್ಲ, ಶಿನ್‌ಜಿಯಾಂಗ್‌ನಲ್ಲಿ ಬೇಕಾದಷ್ಟು ಬೆಳೀತಾರೆ. ಆ ವರ್ಷ ಅಲ್ಲಿನ ಸರ್ಕಾರ ಬೀಜ ತೆಗೆದ ಅರಳೆಗೆ ಟನ್ನಿಗೆ 19,800 ಯುವಾನ್ ಬೆಲೆ ಕಟ್ಟಿ ತನ್ನ ರೈತರಿಂದ ಕೊಳ್ಳೋಕೆ ನಿಂತಿತು. ಊರ ಹತ್ತಿ ಗೋದಾಮು ಸೇರಿ ತುಟ್ಟಿಯಾಯಿತು, ಅಲ್ಲಿನ ಗಿರಣಿಗಳು ನಮ್ಮಂಥವರ ಹತ್ತಿಗೆ ಕೈ ಚಾಚಿದವು. ಮೂರು ಹಂಗಾಮು ಹೀಗೇ ನಡೆಯಿತು. ಗೋದಾಮಿನ ದಾಸ್ತಾನು ಒಂದು ಕೋಟಿ ಟನ್ ದಾಟಿತು. 2014ರಲ್ಲಿ ಆ ಖರೀದಿ ನಿಂತಿತು. 2015-16ರಲ್ಲಿ ಚೀನಾದ ಆಮದು 10 ಲಕ್ಷ ಟನ್ನಿಗಿಂತ ಕಡಿಮೆ.

ಈಗ ಬಾಂಗ್ಲಾದೇಶ. ಅಲ್ಲಿ ಹತ್ತಿ ಬೆಳೆ ಇಲ್ಲ ಅಂದರೂ ನಡೆದೀತು, ಇರುವುದೆಲ್ಲ ನೂಲಿನ ಗಿರಣಿ, ಅಂಗಿ ಹೊಲಿಯುವ ಕಾರ್ಖಾನೆ. 2000ದ ಆಸುಪಾಸು ವರ್ಷಕ್ಕೆ 2 ಲಕ್ಷ ಟನ್ನಿನ ಚಿಲ್ಲರೆ ಗಿರಾಕಿ. ಯಾವ ದೇಶ ಎಷ್ಟು ಬಟ್ಟೆ ಕಳಿಸಬಹುದು ಅಂತ ಮಿತಿ ಹಾಕುತ್ತಿದ್ದ ಜವಳಿ ಕೋಟಾ 2005ರ ಜನವರಿ 1ಕ್ಕೆ ಮುಗಿದಾಗ ಇವರ ಕಥೆಯೂ ಮುಗೀತು ಅಂದವರಿದ್ದರು. ಮುಗಿಯಲಿಲ್ಲ. 2015-16ಕ್ಕೆ 14 ಲಕ್ಷ ಟನ್ ಹತ್ತಿರ ಬಂದು ಚೀನಾವನ್ನು ದಾಟಿತು. 2020-21ಕ್ಕೆ ಸುಮಾರು 19 ಲಕ್ಷ. ನಮ್ಮ ಅಡತಿಯಲ್ಲಿ ಆಗಲೂ ಚೀನಾದ್ದೇ ಜಪ.

ಖಾನಾವಳಿಯವರನ್ನು ಕೇಳಿ ನೋಡ್ರಿ. ಒಬ್ಬ ಗಿರಾಕಿಗೆ ಮನೆಯಲ್ಲಿ ಒಲೆ ಇದೆ, ಹೆಂಡತಿ ತವರಿಗೆ ಹೋದಾಗ ಬರ್ತಾನೆ. ಬಂದ ದಿನ ಹತ್ತು ರೊಟ್ಟಿ, ಮರುದಿನ ಪತ್ತೆ ಇಲ್ಲ. ಇನ್ನೊಬ್ಬನಿಗೆ ಒಲೆಯೇ ಇಲ್ಲ, ಮೂರು ರೊಟ್ಟಿ ಉಂಡರೂ ದಿನಾ ಬರ್ತಾನೆ. ಖಾನಾವಳಿಯಮ್ಮ ಹಿಟ್ಟು ನಾದುವುದು ಯಾರ ಲೆಕ್ಕದಲ್ಲಿ? ನಾವು ಮಾತ್ರ ಹತ್ತು ರೊಟ್ಟಿಯವನ ದಾರಿ ನೋಡ್ತಾ ಕೂತಿದ್ದೇವೆ.

ಹಳೆ ಮಾತು ಅನ್ನಬೇಡ್ರಿ. 2023-24ರಲ್ಲಿ ಚೀನಾ ಮತ್ತೆ 32 ಲಕ್ಷ ಟನ್ ಮೇಲೆ ತರಿಸಿತು, ಮರುವರ್ಷ ಸುಮಾರು 11 ಲಕ್ಷ. ಹೆಂಡತಿ ತವರಿಂದ ಬಂದಳು!

ಹಾಗಂತ ಒಲೆ ಇಲ್ಲದವನ ಸಂಬಳವೂ ಗಟ್ಟಿಯಲ್ಲ. ಯುರೋಪಿನವರು ಅಂಗಿ ಕೊಳ್ಳುವುದು ಬಿಟ್ಟರೆ ಢಾಕಾದ ಗಿರಣಿ ಕೆಮ್ಮುತ್ತದೆ, 2022-23ರಲ್ಲಿ ಅದೂ ಆಯಿತು. ಆದರೂ ಇಳಿದದ್ದು ಮೆಟ್ಟಿಲು, ಬಾವಿಯಲ್ಲ.

ಚೀಟಿ ಬಂತು. ಇನ್ನು ಐದು ನಿಮಿಷ ಅಂತೆ. ನಾಲ್ಕು ಹಾಳೆ ಉಳಿದಿವೆ, ಓಡಿಸ್ತೀನಿ.

ದಿನಾ ಬರುವ ಗಿರಾಕಿಗೆ ದಿನಾ ಬಾಗಿಲು ತೆರೆದಿರಬೇಕಲ್ಲ? 2012ರ ಮಾರ್ಚ್ 5ರಂದು ನಾವು ರಫ್ತು ಬಂದ್ ಮಾಡಿ, ವಾರದಲ್ಲಿ ಹಿಂದೆ ತಗೊಂಡೆವು. ಖಾನಾವಳಿ ಹೀಗೆ ಬಾಗಿಲು ಹಾಕಿದರೆ ಅವನು ಬೇರೆ ಕಡೆ ಖಾತೆ ಬರೆಸ್ತಾನೆ. ಬಾಂಗ್ಲಾದವರು ಇವತ್ತು ಬ್ರೆಜಿಲ್, ಪಶ್ಚಿಮ ಆಫ್ರಿಕಾದಿಂದಲೂ ತರಿಸ್ತಾರೆ.

2025ರದ್ದು ನಿಮಗೇ ಗೊತ್ತು. ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ, ಆಗಸ್ಟ್ 19ರಿಂದ ಡಿಸೆಂಬರ್ ಕೊನೆಯವರೆಗೆ 11 ಪರ್ಸೆಂಟ್ ಆಮದು ಸುಂಕ ಪೂರ್ತಿ ಮಾಫಿ. ಅದರ ಮೇಲೆ ಎರಡು ಹಾಳೆ ಇದ್ದವು, ಬಿಟ್ಟೆ. ಗುಲಾಬಿ ಕಾಯಿಕೊರಕ ಹುಳುವನ್ನೂ ಬಿಟ್ಟೆ. ಅದು ನಮ್ಮನ್ನು ಬಿಟ್ಟಿಲ್ಲ, ಆ ಮಾತು ಬೇರೆ.

ಒಂದೇ ಒಂದು. ಬಾಂಗ್ಲಾದವರಿಗೆ ಹತ್ತಿ ಇಲ್ಲ, ಗಿರಣಿ ಇವೆ. ನಮಗೆ ಹತ್ತಿ ಇದೆ. ಕಲಬುರಗಿಯ ಎಂ.ಎಸ್.ಕೆ. ಮಿಲ್ ನಿಜಾಮ ಮಹಬೂಬ್ ಅಲಿ ಖಾನರ ಹೆಸರು ಹೊತ್ತಿದ್ದ ಗಿರಣಿ. ಗಿರಣಿ ಮುಚ್ಚಿತು, ಇವತ್ತು ಅದು ಆಟೋದವನಿಗೆ ಹೇಳೋ ವಿಳಾಸ. ಇದನ್ನೇ ಮೊದಲು ಹೇಳಬೇಕಿತ್ತು, ಕಾಕಾನ ಬೀಡಿ ಹೊತ್ತು ತಿಂದುಬಿಟ್ಟಿತು.

ಹಿಂದಿನ ಸಾಲಿನ ಅಣ್ಣಾ, ಆಗಿನಿಂದ ಕೈ ಎತ್ತಿದ್ದೀರಿ. ಕೇಳ್ರಿ.