ಮನೆಯೊಳಗಿನ ಖಾಲಿ ಜಾಗವೇ ಶಿಲ್ಪ! ಯಾರು ಈ ರೇಚಲ್ ವೈಟ್‌ರೀಡ್?

[ತೆರೆಯ ಮೇಲೆ: ಬಯಲಲ್ಲಿ ಒಂಟಿಯಾಗಿ ನಿಂತ ಬೂದು ಬಣ್ಣದ ಕಾಂಕ್ರೀಟ್ ಮನೆಯ ಫೋಟೋ]

ನಮಸ್ಕಾರ. ಈ ಕಾಂಕ್ರೀಟ್ ಮನೆಯನ್ನು ಲಂಡನ್‌ನಲ್ಲಿ ಎಲ್ಲಿ ನೋಡಬಹುದು ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಎಲ್ಲೂ ನೋಡಲು ಆಗುವುದಿಲ್ಲ. ಯಾಕೆ ಅಂತ ಹೇಳ್ತೀನಿ.

ಪರಿಚಯ ಬೇಗ ಮುಗಿಸೋಣ. ರೇಚಲ್ ವೈಟ್‌ರೀಡ್ ಹುಟ್ಟಿದ್ದು 1963ರಲ್ಲಿ. ಬ್ರೈಟನ್‌ನಲ್ಲಿ ಪೇಂಟಿಂಗ್, ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಶಿಲ್ಪ ಕಲಿತರು. ಅವರು ಎರಕ ಹೊಯ್ಯುವುದು ವಸ್ತುವನ್ನಲ್ಲ, ಅದರ ಒಳಗಿನ ಅಥವಾ ಸುತ್ತಲಿನ ಖಾಲಿ ಜಾಗವನ್ನು. ಮನೆಯೇ ಇಡ್ಲಿ ತಟ್ಟೆ, ಕಾಂಕ್ರೀಟೇ ಹಿಟ್ಟು ಅಂದುಕೊಳ್ಳಿ.

1990ರಲ್ಲಿ ಉತ್ತರ ಲಂಡನ್ನಿನ ಹಳೇ ಮನೆಯೊಂದರ ಕೋಣೆಯನ್ನು ತುಂಡು ತುಂಡಾಗಿ ಪ್ಲಾಸ್ಟರ್‌ನಲ್ಲಿ ಎರಕ ತೆಗೆದರು. ಹೆಸರು 'ಘೋಸ್ಟ್'. ಇದನ್ನು ಹತ್ತಿರದಿಂದ ನೋಡಬೇಕು. ಒಲೆಯ ಗೂಡು ಹೊರಕ್ಕೆ ಉಬ್ಬಿ ನಿಂತಿದೆ. ಗೂಡಿನ ಮಸಿ ಪ್ಲಾಸ್ಟರ್‌ಗೆ ಅಂಟಿಕೊಂಡೇ ಬಂದಿದೆ! ಲೈಟ್ ಸ್ವಿಚ್ ಇದ್ದಲ್ಲಿ ಗುಳಿ. ಅಂದರೆ ನಾವು ನಿಂತಿರುವುದು ಗೋಡೆ ಇದ್ದ ಜಾಗದಲ್ಲಿ. ಕೋಣೆಯನ್ನು ಗೋಡೆ ನೋಡಿದ ಹಾಗೆ ನಾವು ನೋಡ್ತಾ ಇದ್ದೀವಿ, ಅಲ್ವಾ? ನನಗೆ ಇದರ ಗುಂಗು ಇನ್ನೂ ಬಿಟ್ಟಿಲ್ಲ. ಈ ಶಿಲ್ಪ ಈಗ ವಾಷಿಂಗ್ಟನ್‌ನಲ್ಲಿದೆ.

ಆಮೇಲೆ ಬಂದದ್ದು 'ಹೌಸ್', 1993. ಫೋಟೋದಲ್ಲಿರುವುದು ಇದೇ. ಪೂರ್ವ ಲಂಡನ್ನಿನ ಗ್ರೋವ್ ರೋಡ್, ನಂಬರ್ 193. ಸಾಲುಮನೆಗಳನ್ನೆಲ್ಲ ಕೆಡವುತ್ತಿದ್ದರು, ಇದೊಂದು ಉಳಿದಿತ್ತು. ಗೋಡೆಗಳ ಒಳಮೈಗೆ ಕಾಂಕ್ರೀಟ್ ಸಿಂಪಡಿಸಿದರು. ಅದು ಗಟ್ಟಿಯಾದ ಮೇಲೆ ಹೊರಗಿನ ಇಟ್ಟಿಗೆ ಕಿತ್ತರು. ಒಂದು ಕುಟುಂಬ ಬಾಳಿದ ಜಾಗ ಬೀದಿಯಲ್ಲಿ ಬಂಡೆಯ ಹಾಗೆ ನಿಂತಿತು.

ನವೆಂಬರ್ 23ರಂದು ಅವರಿಗೆ ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ ಬಂತು. ಅದನ್ನು ಗೆದ್ದ ಮೊದಲ ಮಹಿಳೆ ಅವರು. ಅದೇ ದಿನ ಸ್ಥಳೀಯ ಕೌನ್ಸಿಲ್ 'ಹೌಸ್' ಕೆಡವಲು ತೀರ್ಮಾನಿಸಿತು. ಅದೇ ದಿನ ಕೆ ಫೌಂಡೇಶನ್ ಎಂಬ ಹೆಸರಿನ ಇಬ್ಬರು ಮಾಜಿ ಪಾಪ್ ಸಂಗೀತಗಾರರ ಜೋಡಿ, 'ಅತ್ಯಂತ ಕೆಟ್ಟ ಕಲಾವಿದೆ' ಅಂತ 40,000 ಪೌಂಡ್ ಕೊಟ್ಟಿತು. ಬೇಡ ಅಂದರೆ ದುಡ್ಡು ಸುಡ್ತೀವಿ ಅಂದರು. ವೈಟ್‌ರೀಡ್ ತಗೊಂಡು ದಾನ ಮಾಡಿಬಿಟ್ಟರು. 1994ರ ಜನವರಿ 11ರಂದು 'ಹೌಸ್' ನೆಲಕ್ಕುರುಳಿತು. ನನ್ನ ಪ್ರಕಾರ ಅದು ದೊಡ್ಡ ತಪ್ಪು. ಕೆಲವು ತಿಂಗಳಲ್ಲ, ಕೆಲವು ವರ್ಷವಾದರೂ ಬಿಡಬೇಕಿತ್ತು.

ಟೈಮ್ ಕಮ್ಮಿ ಇದೆ. ಬ್ರಿಟನ್ನಿನಲ್ಲಿ ಉಳಿದದ್ದು ಏನು? ಟೇಟ್ ಎಂಬ ಕಲಾ ಮ್ಯೂಸಿಯಂನ ಸಂಗ್ರಹದಲ್ಲಿ 1992ರ ರಬ್ಬರ್ ಹಾಸಿಗೆ ಇದೆ, 2001ರ 'ಸ್ಟೇರ್ಸ್' ಇದೆ. ಎರಡನೆಯದು ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ನ ಕಟ್ಟಡವೊಂದರ ಮೆಟ್ಟಿಲಿನ ಎರಕ. ಆ ಕಟ್ಟಡ ಒಂದು ಕಾಲಕ್ಕೆ ಯಹೂದಿಗಳ ಪ್ರಾರ್ಥನಾ ಮಂದಿರ, ಆಮೇಲೆ ಗೋದಾಮು. ಎತ್ತ ಹತ್ತಬೇಕು, ಎತ್ತ ಇಳಿಯಬೇಕು ಅಂತ ಕಣ್ಣಿಗೆ ತಿಳಿಯುವುದೇ ಇಲ್ಲ. ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯ ಮುಂಭಾಗದಲ್ಲಿ 2012ರಿಂದ ಇವರ ಚಿನ್ನದ ಬಣ್ಣದ ಎಲೆಗಳಿವೆ. ಯಾರ್ಕ್‌ಷೈರ್‌ನ ಡಾಲ್ಬಿ ಕಾಡಿನಲ್ಲಿ 2018ರ 'ನಿಸ್ಸೆನ್ ಹಟ್' ಇದೆ, ಅಂದರೆ ಕಮಾನು ಚಾವಣಿಯ ಮಿಲಿಟರಿ ಗುಡಿಸಲಿನ ಒಳಜಾಗದ ಎರಕ.

ಎಲೆಗಳನ್ನು ರಸ್ತೆಯಿಂದಲೇ ನೋಡಬಹುದು. ಟೇಟ್‌ಗೆ ಹೋಗುವವರು ಮಾತ್ರ ವೆಬ್‌ಸೈಟ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಸಂಗ್ರಹದಲ್ಲಿ ಇರುವುದನ್ನೆಲ್ಲ ಯಾವಾಗಲೂ ಪ್ರದರ್ಶನಕ್ಕೆ ಇಟ್ಟಿರುವುದಿಲ್ಲ.